ಕಾರಿಗೊಂದು ಅಟ್ಟ

ಅಮೆರಿಕದ ಉಪನಗರಗಳಲ್ಲಿ ಎರಡು ಕಾರಿನ ಗ್ಯಾರೇಜ್ ಇರುವ ಮನೆಗಳೇ ಹೆಚ್ಚು. ಆದರೆ ಎಷ್ಟೋ ಮನೆಗಳಲ್ಲಿ ಅಲ್ಲಿ ನಿಲ್ಲುವುದು ಒಂದೇ ಕಾರು. ಮಿಕ್ಕ ಜಾಗವನ್ನು ಹಿಮಗಾಲದ ಟೈರು, ಮಕ್ಕಳ ಸೈಕಲ್ಲು, ಹುಲ್ಲು ಕತ್ತರಿಸುವ ಯಂತ್ರ, ರಟ್ಟಿನ ಪೆಟ್ಟಿಗೆಗಳು ಆಕ್ರಮಿಸಿರುತ್ತವೆ. ಮಿಷಿಗನ್, ಮಿನ್ನೆಸೋಟದಂಥ ಕಡೆ ಇನ್ನೊಂದು ತೊಂದರೆಯೂ ಇದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ತಿಂಗಳುಗಳಲ್ಲಿ, ಪ್ರೀತಿಯಿಂದ ಸಾಕಿದ ಹಳೆಯ ಕಾರನ್ನು ತುಕ್ಕಿನಿಂದ ಕಾಪಾಡಬೇಕಾದರೆ ಅದನ್ನು ಹೊರಗೆ ತೆಗೆಯುವಂತಿಲ್ಲ. ನೆಲ ಮುಗಿದ ಮೇಲೆ ಉಳಿಯುವುದು ತಲೆಯ ಮೇಲಿನ ಜಾಗ. ಕಾರನ್ನೇ ಎತ್ತಿ ನಿಲ್ಲಿಸಿ, ಅದರಡಿ ಇನ್ನೊಂದು ಕಾರನ್ನೋ ಸಾಮಾನನ್ನೋ ಇಡುವ ಲಿಫ್ಟ್ ಮನೆಗಳಿಗೆ ಬಂದದ್ದು ಹೀಗೆ.

ಕೊಳ್ಳಲು ಹೊರಟವರು ಮೊದಲು ಕೇಳುವುದು ಇದು ಎಷ್ಟು ಭಾರ ಎತ್ತುತ್ತದೆ ಎಂದು. ಆದರೆ ಎತ್ತುವ ಕೆಲಸ ಅಷ್ಟೇನೂ ದೊಡ್ಡದಲ್ಲ. ಕಾರು 1,500 ಕೆಜಿ, ಅದು ನಿಂತ ಉಕ್ಕಿನ ಹಲಗೆಗಳೂ ಸೇರಿ 2,000 ಕೆಜಿ ಎಂದಿಟ್ಟುಕೊಳ್ಳೋಣ. ಅದನ್ನು 1.8 ಮೀಟರ್ ಮೇಲೆ ಒಯ್ಯಲು ಬೇಕಾದ ಶಕ್ತಿ ಸುಮಾರು 35,000 ಜೂಲ್. ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಇದು ಒಂದು ಯೂನಿಟ್ಟಿನ ನೂರನೇ ಒಂದು ಪಾಲು. 10 ವಾಟಿನ ಎಲ್‌ಇಡಿ ಬಲ್ಬು ಒಂದು ಗಂಟೆ ಉರಿದರೆ ಅಷ್ಟು ಖರ್ಚಾಗುತ್ತದೆ. ಮುಕ್ಕಾಲು ನಿಮಿಷದಲ್ಲಿ ಮೇಲೇರಿಸಬೇಕೆಂದರೆ ಒಂದು ಅಶ್ವಶಕ್ತಿಯಷ್ಟು ಸಾಮರ್ಥ್ಯ ಸಾಕು, ತಿಕ್ಕಾಟದ ನಷ್ಟ ಸೇರಿಸಿದರೆ ಎರಡು.

ಅಷ್ಟು ಚಿಕ್ಕ ಮೋಟಾರು ಅಷ್ಟು ದೊಡ್ಡ ಭಾರವನ್ನು ಎತ್ತುವುದರ ಹಿಂದೆ 17ನೇ ಶತಮಾನದ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಕಂಡುಕೊಂಡ ನಿಯಮವಿದೆ. ಮುಚ್ಚಿದ ಪಾತ್ರೆಯ ದ್ರವಕ್ಕೆ ಒಂದೆಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಅಷ್ಟೇ ಪ್ರಮಾಣದಲ್ಲಿ ಹರಡುತ್ತದೆ. ಪಂಪು ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸಿಲಿಂಡರಿಗೆ ತಳ್ಳುತ್ತದೆ. ಪಿಸ್ಟನ್ನಿನ ಮುಖ 40 ಚದರ ಸೆಂಟಿಮೀಟರ್ ಇದ್ದರೆ, ನಮ್ಮ 2,000 ಕೆಜಿಗೆ ಪ್ರತಿ ಚದರ ಸೆಂಟಿಮೀಟರಿಗೆ 50 ಕೆಜಿಯಷ್ಟು ಒತ್ತಡ ಬೇಕು. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡದ ಇಪ್ಪತ್ತು ಪಟ್ಟಿಗಿಂತ ಇದು ತುಸು ಹೆಚ್ಚು. ಲಂಡನ್ನಿನ ಜೋಸೆಫ್ ಬ್ರಾಮಾ ಇದೇ ನಿಯಮದ ಮೇಲೆ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. 1920ರ ದಶಕದಲ್ಲಿ ಮೆಂಫಿಸ್ ನಗರದ ಪೀಟರ್ ಲುನಾಟಿ ಅದನ್ನು ಕಾರಿನಡಿಗೆ ತಂದ. ಕ್ಷೌರದಂಗಡಿಯ ಕುರ್ಚಿ ಮೇಲೇರುವುದನ್ನು ಕಂಡು ಅವನಿಗೆ ಈ ಉಪಾಯ ಹೊಳೆಯಿತಂತೆ.

ಎತ್ತಿದ್ದನ್ನು ಹಿಡಿದು ನಿಲ್ಲಿಸುವುದು ಬೇರೆಯೇ ಕೆಲಸ, ಮತ್ತು ಕಷ್ಟದ ಕೆಲಸ. ವರ್ಕ್‌ಶಾಪಿನ ಲಿಫ್ಟ್ ಕಾರನ್ನು ಗಂಟೆಗಳ ಕಾಲ ಹಿಡಿದರೆ ಮನೆಯ ಲಿಫ್ಟ್ ಇಡೀ ಚಳಿಗಾಲ ಹಿಡಿದಿರಬೇಕು. ಕೆಳಗೆ ಮಕ್ಕಳು ಓಡಾಡುತ್ತಾರೆ. ಅಷ್ಟು ದಿನ ಭಾರವನ್ನು ಎಣ್ಣೆಯ ಮೇಲೆ ಬಿಡುವಂತಿಲ್ಲ. ಸೀಲು ಒಸರುತ್ತದೆ, ವಾಲ್ವಿನಲ್ಲಿ ಕಸದ ಕಣ ಸಿಕ್ಕಿಕೊಳ್ಳುತ್ತದೆ, ಚಳಿಗೆ ಎಣ್ಣೆ ಕುಗ್ಗುತ್ತದೆ. ಅದಕ್ಕೇ ಒಳ್ಳೆಯ ಲಿಫ್ಟಿನ ಕಂಬಗಳಲ್ಲಿ ಸುಮಾರು ಹತ್ತು ಸೆಂಟಿಮೀಟರಿಗೊಂದು ಉಕ್ಕಿನ ಮೆಟ್ಟಿಲಿರುತ್ತದೆ. ಕಾರನ್ನು ಬೇಕಾದ ಎತ್ತರಕ್ಕಿಂತ ತುಸು ಮೇಲೆ ಒಯ್ದು, ಮತ್ತೆ ಇಳಿಸಿ ಲಾಕಿನ ಕೊಂಡಿಗಳನ್ನು ಮೆಟ್ಟಿಲ ಮೇಲೆ ಕೂರಿಸಬೇಕು. ಆಮೇಲೆ ಎಣ್ಣೆಗೂ ಹಲಗೆಯನ್ನು ಎತ್ತುವ ತಂತಿಹಗ್ಗಕ್ಕೂ ಬಿಡುವು. ಭಾರವೆಲ್ಲ ಉಕ್ಕಿನಿಂದ ಉಕ್ಕಿಗೆ, ಅಲ್ಲಿಂದ ನೆಲಕ್ಕೆ ಹೋಗುತ್ತದೆ. ನಾಲ್ಕು ಕಂಬದ ಲಿಫ್ಟಿನಲ್ಲಿ ಇನ್ನೊಂದು ಕೊಂಡಿಯೂ ಇರಬೇಕು. ಬಿಗಿಯಾಗಿರುವ ಹಗ್ಗವೇ ಅದನ್ನು ಹಿಂದಕ್ಕೆ ಹಿಡಿದಿರುತ್ತದೆ. ಹಗ್ಗ ಸಡಿಲವಾದರೆ ಅಥವಾ ತುಂಡಾದರೆ ಸ್ಪ್ರಿಂಗು ಕೊಂಡಿಯನ್ನು ಮುಂದೆ ತಳ್ಳಿ ಲಿಫ್ಟಿನ ಆ ಮೂಲೆಯನ್ನು ಹಿಡಿದು ನಿಲ್ಲಿಸುತ್ತದೆ. ವಿನ್ಯಾಸಕಾರರ ಈ ದೂರಾಲೋಚನೆ ನನಗೆ ಬಹಳ ಇಷ್ಟ. ಕೆಡುವುದೇ ರಕ್ಷಣೆಗೆ ಸಂಕೇತವಾಗುವಂತೆ ಅವರು ಇದನ್ನು ಮಾಡಿದ್ದಾರೆ.

ದಾಸ್ತಾನಿಗೆಂದು ಕೊಳ್ಳುವವರಿಗೆ ನಾಲ್ಕು ಕಂಬದ್ದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಕಾರು ತನ್ನ ಚಕ್ರಗಳ ಮೇಲೇ ನಿಂತಿರುತ್ತದೆ. ಒಂದು ಹಲಗೆಯಡಿಯ ಒಂದೇ ಸಿಲಿಂಡರು ನಾಲ್ಕು ತಂತಿಹಗ್ಗಗಳನ್ನು ರಾಟೆಗಳ ಮೂಲಕ ಎಳೆದು ನಾಲ್ಕು ಮೂಲೆಗಳನ್ನೂ ಸಮನಾಗಿ ಎತ್ತುತ್ತದೆ. ಎರಡು ಕಂಬದ್ದು ಕಾರಿನ ಚಾಸಿಯನ್ನು ತೋಳುಗಳಲ್ಲಿ ಹಿಡಿದು ಚಕ್ರಗಳನ್ನು ಜೋತುಬಿಡುತ್ತದೆ. ಬ್ರೇಕು, ಸಸ್ಪೆನ್ಷನ್ ಬಿಚ್ಚುವ ಮೆಕ್ಯಾನಿಕ್ಕಿಗೆ ಅದು ವರ. ಆದರೆ ಅದರ ಭಾರ ಕಂಬದಿಂದ ಆಚೆ ತೂಗುವುದರಿಂದ ಕಂಬವನ್ನು ಬಾಗಿಸುವ, ಬುಡದ ಬೋಲ್ಟನ್ನು ಕೀಳುವ ಬಲ ಹುಟ್ಟುತ್ತದೆ. ಅದನ್ನು ತಡೆಯಬೇಕಾದ್ದು ನಿಮ್ಮ ನೆಲದ ಕಾಂಕ್ರೀಟು. ಟೆಕ್ಸಸ್, ಕ್ಯಾಲಿಫೋರ್ನಿಯಾದ ಅನೇಕ ಮನೆಗಳ ಸ್ಲ್ಯಾಬಿನೊಳಗೆ ಬಿಗಿದೆಳೆದ ಉಕ್ಕಿನ ತಂತಿಗಳಿರುತ್ತವೆ. ಎಲ್ಲಿವೆಯೆಂದು ತಿಳಿಯದೆ ಅಲ್ಲಿ ಡ್ರಿಲ್ ಹಾಕಿದರೆ ತಂತಿ ಸಿಡಿದು ಪ್ರಾಣಕ್ಕೇ ಅಪಾಯ. ಕತ್ತರಿ ಲಿಫ್ಟಿನಲ್ಲಿ ಕಾರಿನಡಿಯ ಜಾಗವನ್ನೆಲ್ಲ ಯಂತ್ರವೇ ತಿನ್ನುವುದರಿಂದ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಟೇಪು ಹಿಡಿದು ಅಳೆಯುವಾಗಲೇ ಹೆಚ್ಚಿನ ಆಸೆಗಳು ಮುರಿಯುತ್ತವೆ. ಟೊಯೋಟಾ ಕ್ಯಾಮ್ರಿಯ ಎತ್ತರ ಸುಮಾರು 1.45 ಮೀಟರ್, ಹೋಂಡಾ ಸಿಆರ್‌-ವಿಯದು 1.69. ಒಂದರ ಮೇಲೊಂದು ನಿಲ್ಲಿಸಿ, ಹಲಗೆಯ ದಪ್ಪ 12 ಸೆಂಟಿಮೀಟರ್, ಮೇಲೆ ಕೆಳಗೆ ಒಟ್ಟು 15 ಸೆಂಟಿಮೀಟರ್ ಬಿಡುವು ಸೇರಿಸಿದರೆ 3.4 ಮೀಟರ್, ಅಂದರೆ ಹನ್ನೊಂದು ಅಡಿ ದಾಟುತ್ತದೆ. ಎಂಟು ಅಡಿ ಗ್ಯಾರೇಜಿನಲ್ಲಿ ಇದು ಸಾಧ್ಯವೇ ಇಲ್ಲ. ಒಂಬತ್ತು ಅಡಿಯಲ್ಲಿ ಎರಡು ಮಾಜ್ದಾ ಮಿಯಾಟಾ ಇಕ್ಕಟ್ಟಾಗಿ ಹಿಡಿದಾವು. ಗ್ಯಾರೇಜಿನ ಬಾಗಿಲನ್ನು ಬಹಳ ಜನ ಮರೆಯುತ್ತಾರೆ. ತೆರೆದಾಗ ಅದು ಛಾವಣಿಯಡಿ ಅಡ್ಡಲಾಗಿ ಮಲಗಿ, ಮೇಲಿನ ಕಾರಿಗೆ ಬೇಕಾದ ಜಾಗದಲ್ಲೇ ಚಾಚಿಕೊಳ್ಳುತ್ತದೆ. ಬಾಗಿಲಿನ ಹಳಿಯನ್ನು ಎತ್ತರಿಸಿ, ಅದರ ಮೋಟಾರನ್ನು ಗೋಡೆಗೆ ವರ್ಗಾಯಿಸುವ ಖರ್ಚನ್ನೂ ಲಿಫ್ಟಿನ ಬೆಲೆಗೆ ಸೇರಿಸಿಕೊಳ್ಳಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಸ್ಟ್ಯಾಕ್ ಪಾರ್ಕಿಂಗ್ ಬಂದಿದೆ. ಅದರ ಕಷ್ಟವೂ ಎತ್ತರವೇ. ನೆಲದಿಂದ ತೊಲೆಗೆ 2.4 ಮೀಟರ್ ಇರುವ ಸ್ಟಿಲ್ಟಿನಲ್ಲಿ, ಅಂದರೆ ಕಟ್ಟಡದ ಕಂಬಗಳ ನಡುವಿನ ಪಾರ್ಕಿಂಗ್ ಅಂತಸ್ತಿನಲ್ಲಿ, ಎರಡು ಸ್ವಿಫ್ಟ್ ಕೂಡ ಒಂದರ ಮೇಲೊಂದು ನಿಲ್ಲವು. ಮೇಲಿನ ಕಾರನ್ನು ಓರೆಯಾಗಿ ಹಿಡಿಯುವ ಲಿಫ್ಟುಗಳು ಸ್ವಲ್ಪ ಎತ್ತರ ಉಳಿಸುತ್ತವೆ. ಇಲ್ಲದಿದ್ದರೆ ನೆಲದಲ್ಲಿ ಗುಂಡಿ ತೋಡಬೇಕು, ಆಗ ಮಳೆಗಾಲದ ನೀರಿನ ಚಿಂತೆ ಶುರು.

ಮೇಲೆ ಇಡುವುದು ಅಪರೂಪಕ್ಕೆ ತೆಗೆಯುವ ಕಾರಾಗಿರಲಿ, ಏಕೆಂದರೆ ಅದನ್ನು ಇಳಿಸಲು ಕೆಳಗಿನದನ್ನು ಹೊರಗೆ ತರಲೇಬೇಕು. ಕರೆಂಟಿಲ್ಲದಾಗಲೂ ಅದು ಮೇಲೇ ಇರುತ್ತದೆ. ಲಾಕು ಬಿಡಿಸಬೇಕಾದರೆ ಮೊದಲು ತುಸು ಎತ್ತಬೇಕು, ಎತ್ತಲು ಮೋಟಾರು ಬೇಕು. ಇಳಿಯುವಾಗ ಮಾತ್ರ ಗುರುತ್ವವೇ ಎಣ್ಣೆಯನ್ನು ಕಿರಿದಾದ ದಾರಿಯಿಂದ ಹಿಂದಕ್ಕೆ ತಳ್ಳುತ್ತದೆ. ಎರಡು ಹಲಗೆಗಳ ನಡುವೆ ತಟ್ಟೆ ಹಾಕಿಸದಿದ್ದರೆ ಮೇಲಿನ ಕಾರಿನ ಎಣ್ಣೆ, ಉಪ್ಪುನೀರು ಕೆಳಗಿನದರ ಬಣ್ಣದ ಮೇಲೆ ತೊಟ್ಟಿಕ್ಕುತ್ತದೆ. ಕಾರಿನ ಬದಲು ಪೆಟ್ಟಿಗೆ ಏರಿಸುವವರು ಭಾರವನ್ನು ಎರಡೂ ಕಡೆಗೆ ಹಂಚಬೇಕು. ಲಿಫ್ಟಿನ ಮೇಲೆ ಬರೆದ ತೂಕ ನಾಲ್ಕು ಮೂಲೆಗೆ ಹರಡಿದ ಭಾರಕ್ಕೆ ಹೇಳಿದ್ದು.

ಅಮೆರಿಕದಲ್ಲಿ ಆಟೊಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಪ್ರಮಾಣಪತ್ರ ಸಿಗುವುದು ಕಂಪನಿಗಲ್ಲ, ಒಂದೊಂದು ಮಾದರಿಗೆ. ಕೊಳ್ಳುವ ಮೊದಲು ಮಾದರಿಯ ಸಂಖ್ಯೆಯನ್ನೇ ಹುಡುಕಿ ನೋಡಬೇಕು. ಅಂಗಡಿಯಲ್ಲಿ ಲಿಫ್ಟನ್ನು ಮೇಲಕ್ಕೆ ಓಡಿಸಿ, ಗುಂಡಿಯಿಂದ ಬೆರಳು ತೆಗೆದ ಕ್ಷಣ ನಿಲ್ಲುತ್ತದೆಯೇ ನೋಡಿ. ಆಮೇಲೆ ಅದನ್ನು ಲಾಕಿನ ಮೇಲೆ ಕೂರಿಸಿ, ಸ್ವಿಚ್ ಆರಿಸಿ, ನಾಲ್ಕೂ ಕಂಬಗಳ ಬಳಿ ಹೋಗಿ ಕೊಂಡಿಗಳು ಒಂದೇ ಮೆಟ್ಟಿಲಲ್ಲಿ ಕೂತಿವೆಯೇ ಎಂದು ಕಣ್ಣಾರೆ ಪರೀಕ್ಷಿಸಿ.