ನಿಮಗಿದು ಗೊತ್ತೆ? ಉಗಿಬಂಡಿಗೂ ಗುಜರಿಯೇ ಗತಿ!

ಬಳ್ಳಾರಿ–ರಾಯದುರ್ಗ ನಡುವೆ 1990ರ ದಶಕದವರೆಗೂ ಮೀಟರ್ ಗೇಜ್ ಹಳಿಯಿತ್ತು. ಮೀಟರ್ ಗೇಜಿನ ಕೊನೆಗಾಲದ ಉಗಿ ಇಂಜಿನ್‌ಗಳಲ್ಲಿ ಪ್ಯಾಸೆಂಜರ್ ಎಳೆಯುವ ವೈಪಿ, ಗೂಡ್ಸ್ ಎಳೆಯುವ ವೈಜಿ ಎರಡಕ್ಕೂ ಒಂದೇ ಮಾದರಿಯ ಬಾಯ್ಲರ್. ಕೆಟ್ಟು ನಿಂತದ್ದರ ಭಾಗ ಬಿಚ್ಚಿ ಓಡುವುದಕ್ಕೆ ಜೋಡಿಸುವುದು ಶೆಡ್ಡುಗಳಲ್ಲಿ ಮಾಮೂಲಾಗಿತ್ತು. ಮ್ಯೂಸಿಯಂನಲ್ಲಿ ನಿಂತ ಇಂಜಿನ್ನಿನ ಚಕ್ರದ ರಾಡಿನ ಮೇಲೆ ಕೊರೆದ ನಂಬರನ್ನು ಓದಿ ನೋಡಿ. ಕೆಲವೊಮ್ಮೆ ಅದು ಬೇರೊಂದು ಇಂಜಿನ್ನಿನದಾಗಿರುತ್ತದೆ!

ನಿಂತ ಇಂಜಿನ್ನಿನಿಂದ ಮೊದಲು ಮಾಯವಾಗುವುದು ಹಿತ್ತಾಳೆ. ವಾಲ್ವು, ನಲ್ಲಿ, ಗೇಜು ಎಲ್ಲವೂ ತೂಕಕ್ಕೆ ಕಾಸು. 1855ರ ಉಗಿ ಇಂಜಿನ್ ಫೇರಿ ಕ್ವೀನ್‌ಗೂ ಕಳ್ಳರ ಕಾಟ ತಪ್ಪಲಿಲ್ಲ. ಅದನ್ನು ಚೆನ್ನೈನ ಪೆರಂಬೂರಿಗೆ ಒಯ್ದು ರಿಪೇರಿ ಮಾಡಬೇಕಾಯಿತು.

ಗುಜರಿಯಲ್ಲೂ ಸಿಗದಿದ್ದರೆ? ಹೊಸದಾಗಿ ಎರಕ ಹೊಯ್ಯುವುದೇ ದಾರಿ. ನೀಲಗಿರಿ ರೈಲಿನ ಎಕ್ಸ್ ಕ್ಲಾಸ್ ಇಂಜಿನ್‌ಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನವರು ಅವುಗಳ ಬಿಡಿಭಾಗವಷ್ಟೇ ಅಲ್ಲ, ಇಡೀ ಇಂಜಿನ್ನನ್ನೇ ಹೊಸದಾಗಿ ಕಟ್ಟಿದ್ದಾರೆ.

ಮಡಕಶಿರಾ ಮೂಲಕ ಹಾದುಹೋಗುವ ರಾಯದುರ್ಗ–ತುಮಕೂರು ಹೊಸ ಮಾರ್ಗದಲ್ಲಂತೂ ಉಗಿಬಂಡಿ ಕೂಗುವುದಿಲ್ಲ. ನೋಡುವ ಆಸೆಯಿದ್ದರೆ 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿಬನ್ನಿ.