ಮೊದಲ ಮಳೆಯನ್ನೊಲ್ಲದ ಮಣ್ಣು

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯನ್ನು ಕಾಣುವ ಉಡುಪಿಯ ಸೀಮೆಯಲ್ಲಿ, ತುಳುವರ ಬೇಸಗೆಯ ಪಗ್ಗು ಬೇಶ ತಿಂಗಳುಗಳು ಬಂದವೆಂದರೆ ಬಾವಿಗಳ ತಳ ಕಾಣುವುದೇಕೆಂಬ ಪ್ರಶ್ನೆಗೆ, ಮಳೆಯ ಪ್ರಮಾಣವೊಂದನ್ನೇ ಎಣಿಸುವವರಿಂದ ಪೂರ್ಣವಾದ ಉತ್ತರ ದೊರೆಯಲಾರದು. ಬಿದ್ದ ನೀರನ್ನು ಸ್ವೀಕರಿಸುವ ಶಕ್ತಿಯು ನೆಲಕ್ಕೆ ಎಲ್ಲ ಋತುಗಳಲ್ಲಿಯೂ ಒಂದೇ ತೆರನಾಗಿರುವುದಿಲ್ಲ. ಗ್ರೀಷ್ಮದ ತಾಪದಲ್ಲಿ ಬೆಂದ ಮಣ್ಣು ನೀರಿಗಾಗಿ ಹಾತೊರೆಯುವುದೆಂದು ಭಾವಿಸುವುದು ಸಹಜವಾದರೂ, ವಸ್ತುಸ್ಥಿತಿ ಅನೇಕ ವೇಳೆ ಇದಕ್ಕೆ ವಿಪರೀತವಾಗಿದ್ದು, ಅತಿಯಾಗಿ ಒಣಗಿದ ಮಣ್ಣೇ ನೀರಿಗೆ ವಿಮುಖವಾಗಿರುತ್ತದೆ.

ಇದರ ಕಾರಣವು ಆ ನೆಲದಲ್ಲಿ ಬಾಳಿದ ಸಸ್ಯರಾಶಿಯಲ್ಲಿದೆ. ಎಲೆ, ತೊಗಟೆ, ಬೇರುಗಳು ಕೊಳೆಯುವಾಗ ಅವುಗಳೊಳಗಿನ ಮೇಣದಂತಹ ದ್ರವ್ಯಗಳೂ ಶಿಲೀಂಧ್ರಗಳ ಸ್ರಾವಗಳೂ ಮಣ್ಣಿನ ಕಣಗಳಿಗೆ ಲೇಪವಾಗಿ ಅಂಟಿಕೊಳ್ಳುತ್ತವೆ. ತೇವವಿರುವಷ್ಟು ಕಾಲ ಈ ಲೇಪದ ಅಣುಗಳ ನೀರಿಗೊಲಿಯುವ ತುದಿ ಹೊರಮುಖವಾಗಿರುವುದು. ತೇವವಾರಿದಂತೆ ಆ ತುದಿ ಕಣದ ಕಡೆಗೆ ತಿರುಗಿ, ನೀರನ್ನೊಲ್ಲದ ತುದಿ ಹೊರಕ್ಕೆ ಚಾಚಿಕೊಳ್ಳುವುದರಿಂದ, ಮೇಲೆ ಬಿದ್ದ ಹನಿಯು ಕೆಸುವಿನ ಎಲೆಯ ಮೇಲಿನಂತೆ ದುಂಡಗೆ ನಿಂತುಬಿಡುತ್ತದೆ. ಹೀಗೆ ಇಟ್ಟ ಹನಿಯು 5 ಸೆಕೆಂಡುಗಳೊಳಗೆ ಇಂಗದಿದ್ದರೆ ಆ ಮಣ್ಣನ್ನು ಜಲವಿಕರ್ಷಕವೆಂದು ವಿಜ್ಞಾನಿಗಳು ಪರಿಗಣಿಸುತ್ತಾರೆ. ಗಂಟೆ ಕಳೆದರೂ ಹನಿಯನ್ನು ಒಳಗೊಳ್ಳದ ಮಣ್ಣೂ ಉಂಟು.

ಮರಳಿನ ಕಣಗಳು ದೊಡ್ಡವಾದುದರಿಂದ ಅವುಗಳ ಒಟ್ಟು ಮೇಲ್ಮೈ ಅಲ್ಪ. ಅದನ್ನು ಆವರಿಸಲು ಸ್ವಲ್ಪ ಮೇಣವೇ ಸಾಕು. ಕಾಪುವಿನ ಕಡಲತಡಿಯಂತಹ ಮರಳುನೆಲದಲ್ಲಿ, ಗಾಳಿಮರದ ತರಗು ಬಿದ್ದು ಕೊಳೆಯುವೆಡೆ, ಈ ಜಲವಿಕರ್ಷಕ ಗುಣಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಕೂಡಿಬರುತ್ತದೆ. ಪಶ್ಚಿಮ ಆಸ್ಟ್ರೇಲಿಯದ ರೈತರು ಇಂತಹ ಮರಳಿಗೆ ಜೇಡಿಮಣ್ಣನ್ನು ಬೆರೆಸಿ ಹೊಲವನ್ನು ಹದಕ್ಕೆ ತರುತ್ತಾರೆ.

ಮಣಿಪಾಲದ ಗುಡ್ಡದಿಂದ ಕಾರ್ಕಳದತ್ತ ಹಬ್ಬಿದ ಮುರಕಲ್ಲಿನ ನೆಲದ ಪ್ರಕೃತಿ ಬೇರೆ. ಜೇಡಿಯ ಅಂಶವುಳ್ಳ ಕೆಂಪು ಮಣ್ಣು ಮರಳಿನಷ್ಟು ಸುಲಭವಾಗಿ ಮೇಣಕ್ಕೆ ವಶವಾಗುವುದಿಲ್ಲವಾದರೂ, ಬೇಸಗೆಯ ಒಣಹುಲ್ಲಿಗೆ ಬೆಂಕಿ ಬಿದ್ದಾಗ ಮೇಣವು ಆವಿಯಾಗಿ ಕೆಳಗಿಳಿದು ತಂಪಾದ ಪದರದಲ್ಲಿ ಮತ್ತೆ ನೆಲೆಸಬಲ್ಲುದು. ಸುಮಾರು 200 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಈ ವೈಮುಖ್ಯ ತೀವ್ರಗೊಳ್ಳುವುದು; 300 ಡಿಗ್ರಿಯನ್ನು ಮೀರಿದರೆ ಮೇಣವೇ ಸುಟ್ಟು ನಾಶವಾಗುವುದು.

ಕಾರ್ತೆಲ್ ತಿಂಗಳ ಮಳೆ ಭೋರ್ಗರೆಯುವುದಕ್ಕೆ ಮುನ್ನ ನಾಲ್ಕಾರು ಸಲ ಸಣ್ಣ ಮಳೆ ಬಂದರೆ, ಅಣುಗಳು ಮೆಲ್ಲನೆ ಮರಳಿ ಹೊರಳಿ ನೆಲ ನೀರಿಗೆ ಒಲಿಯುತ್ತದೆ. ಹಾಗಲ್ಲದೆ ಮೊದಲ ಮಳೆಯೇ ಜಡಿದು ಸುರಿದಾಗ, ನೀರಿನ ಬಹುಪಾಲು ಮೇಲ್ಮಣ್ಣನ್ನು ಎಳೆದುಕೊಂಡು ತೋಡಿಗೆ ಇಳಿಯುತ್ತದೆ; ಒಳಹೊಕ್ಕ ಅಲ್ಪಾಂಶವೂ ಕೆಲವೇ ಕಿರುದಾರಿಗಳನ್ನು ಹಿಡಿದು ಆಳಕ್ಕಿಳಿಯುವುದರಿಂದ, ಅವುಗಳ ನಡುವಣ ಮಣ್ಣು ಒಣಗಿದಂತೆಯೇ ಉಳಿಯುತ್ತದೆ.

ಮೇಣದ ಮೂಲವಾದ ತರಗೆಲೆಯನ್ನು ಇದಕ್ಕೆಲ್ಲ ದೋಷಿಯೆಂದು ಬಗೆಯುವುದು ಮಾತ್ರ ಅವಿವೇಕ. ಮೇಣವನ್ನು ಕೊಡುವ ತರಗೆಲೆಯೇ ಬಿಸಿಲನ್ನು ತಡೆದು ಅಡಿಯ ತೇವವನ್ನು ಕಾಯುತ್ತದೆ, ತೇವವು ಉಳಿದಷ್ಟು ಕಾಲ ಮಣ್ಣು ವಿಮುಖವಾಗುವುದಿಲ್ಲ. ನೆಲವನ್ನು ಬೆತ್ತಲೆಯಾಗಿಸಿ ಒಣಗಿಸುವ ನಮ್ಮ ಆತುರವೇ ನಿಜವಾದ ಅಪಾಯ. ಅಡಕೆಯ ಬುಡಕ್ಕೆ ಸೊಪ್ಪು ಮುಚ್ಚುವ, ತೋಡಿಗೆ ಕಟ್ಟವನ್ನು ಕಟ್ಟುವ, ಮದಕಗಳಲ್ಲಿ ನೀರನ್ನು ತಂಗಿಸುವ ನಮ್ಮ ಹಿರಿಯರ ಕೃಷಿಕ್ರಮವು ನೆಲದ ತೇವವನ್ನು ಕಾಪಾಡುವ ವಿವೇಕವನ್ನು ಒಳಗೊಂಡಿತ್ತು.

ಕಾರ್ಕಳದ ಕಡೆಯಿಂದ ಇಳಿದುಬರುವ ಸ್ವರ್ಣಾ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟೆಯಿಂದ ಉಡುಪಿ ಮಣಿಪಾಲಗಳಿಗೆ ಕುಡಿಯುವ ನೀರು ದೊರೆಯುತ್ತದೆ. ಮಳೆಗಾಲ ಕಳೆದ ಮೇಲೆ ಆ ನದಿಯನ್ನು ಪೋಷಿಸುವುದು ಗುಡ್ಡಗಳೊಳಗೆ ಇಂಗಿದ ನೀರೇ. ಆದುದರಿಂದ ಮೇಲಣ ಊರಿನ ಗುಡ್ಡದ ತರಗೆಲೆಗೆ ಬೆಂಕಿ ಬೀಳದಂತೆ ಕಾಯುವುದು ಅಲ್ಲಿಯ ಕೃಷಿಕನಿಗೆ ಮಾತ್ರ ಬಿಟ್ಟ ಹೊಣೆಯಲ್ಲ. ಕೆಳಗಣ ನಗರದಲ್ಲಿ ನಳ್ಳಿಯನ್ನು ತಿರುಗಿಸುವ ಪ್ರತಿಯೊಬ್ಬನೂ ಅದರಲ್ಲಿ ಪಾಲುದಾರನಾಗತಕ್ಕುದು.