ಅರಗುಮುದ್ರೆಯ ಸೀಸೆ ಹೇಳುವುದು

ಆದವಾನಿ, ಆಲೂರು, ಹೊಳಗುಂದಿ ಸುತ್ತಿನ ಎರೆಹೊಲಗಳಲ್ಲಿ ಹತ್ತಿ ಬೆಳೆಯುತ್ತಾರೆ. ಹತ್ತಿಯಿದ್ದ ಮನೆಯಲ್ಲಿ ಕೀಟನಾಶಕದ ಡಬ್ಬಿಯೂ ಇರುತ್ತದೆ. ಔಷಧಿ ಹೊಡೆಯುವಾಗ ಮೈಗೆ ತಾಗಿಯೋ, ಇನ್ನಾವುದೋ ಬಗೆಯಲ್ಲೋ ಅದು ಜೀವ ತೆಗೆದಿದೆ ಎಂಬ ಅನುಮಾನ ಬಂದರೆ ಪಂಚನಾಮೆ, ಶವಪರೀಕ್ಷೆಗಳಿಗೆ ವಿಷಯ ಮುಗಿಯುವುದಿಲ್ಲ. ದೇಹದಲ್ಲಿ ಯಾವ ವಿಷವಿತ್ತು ಎಂದು ಹೇಳಬೇಕಾದದ್ದು ಕರ್ನೂಲಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರುವ ಮುನ್ನ ಆದವಾನಿ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ದೇಶದ ಮೊದಲ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ 1849ರಲ್ಲಿ ಶುರುವಾದದ್ದು ಆ ಮದ್ರಾಸಿನಲ್ಲೇ. ಆ ಕಾಲದಲ್ಲಿ ಎಲ್ಲೆಡೆ ಭಯವಿದ್ದದ್ದು ಪಾಷಾಣದ್ದು. ಅದನ್ನು ಪತ್ತೆಹಚ್ಚುವ ಖಚಿತ ವಿಧಾನವನ್ನು ಜೇಮ್ಸ್ ಮಾರ್ಷ್ 1836ರಲ್ಲಿ ಪ್ರಕಟಿಸಿದ್ದ. ಇಂದಿನ ಹೊಲಗಳ ವಿಷ ಬೇರೆ, ಹೆಚ್ಚಾಗಿ ಆರ್ಗನೋಫಾಸ್ಫೇಟ್ ಗುಂಪಿನದು.

ಶವಪರೀಕ್ಷೆ ಮಾಡುವ ವೈದ್ಯರು ಜಠರ, ಸಣ್ಣಕರುಳಿನ ತುಂಡು, ಯಕೃತ್ತು, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ, ರಕ್ತ ಇವನ್ನು ತೆಗೆದಿಡುತ್ತಾರೆ. ಅಂಗಗಳು ಸಾಮಾನ್ಯವಾಗಿ ಉಪ್ಪು ಇನ್ನು ಕರಗದಷ್ಟು ಗಟ್ಟಿಯಾದ ಉಪ್ಪುನೀರಿನ ಸೀಸೆಗೆ ಹೋಗುತ್ತವೆ. ಫಾರ್ಮಲಿನ್ ಹಾಕುವಂತಿಲ್ಲ, ಹಾಕಿದರೆ ವಿಷವನ್ನು ಬೇರ್ಪಡಿಸುವುದೇ ಕಷ್ಟ. ಬಳಸಿದ ಉಪ್ಪುನೀರಿನ ಮಾದರಿಯನ್ನೂ ಬೇರೆ ಸೀಸೆಯಲ್ಲಿ ಕಳಿಸಬೇಕು, ವಿಷ ಅದರಿಂದಲೇ ಬಂತೆಂದು ನಾಳೆ ಯಾರೂ ವಾದಿಸಬಾರದು. ಮೇಲೆ ಅರಗಿನ ಮುದ್ರೆ. ಅದು ಒಡೆದಿದ್ದರೆ ಒಳಗಿನ ಸಾಕ್ಷ್ಯದ ಮೇಲೆಯೇ ಸಂಶಯ ಏಳುತ್ತದೆ.

ಪ್ರಯೋಗಾಲಯದಲ್ಲಿ ಅಂಗಾಂಶವನ್ನು ಅರೆದು, ದ್ರಾವಕದಿಂದ ವಿಷವನ್ನು ಸೆಳೆದು, ತೆಳುಪದರ ಕ್ರೊಮ್ಯಾಟೋಗ್ರಫಿ, ಮಾಸ್ ಸ್ಪೆಕ್ಟ್ರೋಮೀಟರುಗಳಲ್ಲಿ ಅದರ ಗುರುತು ಹಿಡಿಯುತ್ತಾರೆ. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರಿನಲ್ಲಿ ಪ್ರಸಾದ ತಿಂದು 17 ಮಂದಿ ಸತ್ತಾಗ, ಅನ್ನದಲ್ಲಿದ್ದದ್ದು ಮೊನೊಕ್ರೊಟೊಫಾಸ್ ಎಂದು ಹೊರಬಿದ್ದದ್ದು ಇಂಥ ಪರೀಕ್ಷೆಯಿಂದ.

ಆದರೆ 'ವಿಷ ಪತ್ತೆಯಾಗಲಿಲ್ಲ' ಎಂಬ ವರದಿ ಬಂದರೆ ವಿಷವೇ ಇರಲಿಲ್ಲವೆಂದು ತಿಳಿಯಬಾರದು. ರೋಗಿ ಕೆಲವು ದಿನ ಆಸ್ಪತ್ರೆಯಲ್ಲಿ ಬದುಕಿದ್ದರೆ ದೇಹ ವಿಷವನ್ನು ಒಡೆದು ಹೊರಹಾಕಿರುತ್ತದೆ. ಬಿಸಿಲಿಗೆ ಕೊಳೆತ ಶವದಲ್ಲೂ ಅದು ಅಳಿಯುತ್ತದೆ. ದಾಖಲಾದ ಗಳಿಗೆಯ ರಕ್ತ, ಮೊದಲು ಹೊಟ್ಟೆ ತೊಳೆದ ನೀರು ಇವುಗಳಿಗೆ ಇರುವ ಬೆಲೆ ಆಮೇಲಿನ ಯಾವ ಮಾದರಿಗೂ ಇಲ್ಲ. ಪ್ರಯೋಗಾಲಯ ವಿಷದ ಹೆಸರು ಹೇಳುತ್ತದೆ. ಸಾವಿಗೆ ಅದೇ ಕಾರಣವೇ ಎಂಬ ಕೊನೆಯ ಅಭಿಪ್ರಾಯ ವೈದ್ಯರದು. ವರದಿ ತಡವಾದಷ್ಟೂ ಆ ಅಭಿಪ್ರಾಯ ತಡ, ಮನೆಯವರ ಸಂಕಟ ದೀರ್ಘ. ವಿಷದ ಸಾವುಗಳಲ್ಲಿ ಅಂಗಮಾದರಿಗಳನ್ನು ತಪ್ಪದೆ ಪರೀಕ್ಷೆಗೆ ಕಳಿಸಿ, ವರದಿಯನ್ನು ಬೇಗ ತರಿಸಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಬೇಕಾಗಿ ಬಂದದ್ದು ಅದಕ್ಕೇ.

ಯಾರಿಗಾದರೂ ವಿಷ ತಾಗಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ, ಜೊತೆಗೆ ಔಷಧಿಯ ಡಬ್ಬಿಯನ್ನೂ ಒಯ್ಯಿರಿ. ಅದರ ಚೀಟಿ ಮೊದಲು ವೈದ್ಯರಿಗೆ ಜೀವ ಉಳಿಸಲು ಬೇಕು.